ಇಕ್ಕಳದ ಹೆಸರು ಮರೆತಾಗ

ನನ್ನ ಬಳಿ ಸಲಹೆಗೆ ಬಂದ ಮಹಿಳೆಯೊಬ್ಬರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಕುಂದಾಪುರದ ಕಡೆಯವರಾದ, ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ 48ರ ಈ ಮಹಿಳೆ ತಾವು ಮರೆತದ್ದನ್ನೆಲ್ಲ ದಿನಾಂಕ ಸಹಿತ ಒಂದು ಡೈರಿಯಲ್ಲಿ ಬರೆದು ತಂದಿದ್ದರು: ಠಾಣೆಯಲ್ಲಿ ಇಳಿಯಬೇಕಾದವರು ಘಾಟ್‌ಕೋಪರ್‌ವರೆಗೆ ಹೋದದ್ದು, ಸಹೋದ್ಯೋಗಿಯ ಹೆಸರು ನಾಲಿಗೆಗೆ ಬಾರದೆ ಹೋದದ್ದು, ಉಕ್ಕುವ ಹಾಲಿನ ಮುಂದೆ ನಿಂತು 'ಇಕ್ಕಳ' ಎಂಬ ಪದ ಹೊಳೆಯದೆ ಮಗಳಿಗೆ ಕೈಸನ್ನೆ ಮಾಡಿದ್ದು. ಈ ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದರು. ಅವರ ತಾಯಿಗೆ ಎಪ್ಪತ್ತು ದಾಟಿದ ಮೇಲೆ ಮರೆಗುಳಿ ಕಾಯಿಲೆ ಬಂದಿತ್ತು. "ನಂಗೂ ಅದೇ ಶುರುವಾಯ್ತಾ ಮೇಡಂ?" ಎಂದು ಕೇಳಿದರು.

ಮುಟ್ಟು ಹತ್ತು ತಿಂಗಳಿಂದ ಏರುಪೇರಾಗಿತ್ತು. ರಾತ್ರಿ ಮೂರು ಬಾರಿಯಾದರೂ ಮೈ ಬಿಸಿಯೇರಿ, ಬೆವೆತು ಎಚ್ಚರವಾಗುತ್ತಿತ್ತು. ಆದರೂ 5 ಗಂಟೆಗೆ ಎದ್ದು ಎಲ್ಲರ ಡಬ್ಬಿ ಕಟ್ಟಿ ಲೋಕಲ್ ಹಿಡಿಯುತ್ತಿದ್ದರು. ಮುಟ್ಟು ನಿಲ್ಲುವ ಮುಂಚಿನ ಈ ಕಾಲದಲ್ಲಿ ಈಸ್ಟ್ರೋಜನ್ ಏರಿಳಿಯುತ್ತದೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಕೂಡ ಆ ಹಾರ್ಮೋನಿಗೆ ಸ್ಪಂದಿಸುವ ಮಿದುಳಿನ ಭಾಗವೇ ಎಂದು ವಿವರಿಸಿದೆ. ಅಮೆರಿಕದ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ 'ಸ್ವಾನ್' ಅಧ್ಯಯನದ 2009ರ ವರದಿಯಲ್ಲಿ, ಮುಟ್ಟು ನಿಲ್ಲುವ ಹಂತದಲ್ಲಿ ಹೊಸದನ್ನು ಕಲಿಯುವ ವೇಗ ತಗ್ಗಿ, ಆಮೇಲೆ ಮರಳಿದ್ದು ಕಂಡುಬಂದಿದೆ. ಪರಿಚಿತ ದಾರಿಯೇ ತಪ್ಪತೊಡಗಿದರೆ, ವರ್ಷಗಳಿಂದ ಮಾಡುತ್ತಿದ್ದ ಲೆಕ್ಕವೇ ಬಾರದಾದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಬೇಕೆಂದೂ ಹೇಳಿದೆ.

ನನಗೆ ಹೆಚ್ಚು ಕಳವಳವಾದದ್ದು ಅವರ ಚೀಲದಲ್ಲಿದ್ದ ಶೀಶೆಗಳನ್ನು ಕಂಡು. ಆಸುಪಾಸಿನವರ ಮಾತು ಕೇಳಿ ನೆನಪಿಗೆಂದು ಗಿಂಕ್ಗೊ (ಒಂದು ಮರದ ಎಲೆಯ ಸಾರ) ಮತ್ತು ಅಶ್ವಗಂಧದ ಮಾತ್ರೆಗಳನ್ನು ತಾವೇ ಕೊಂಡು ನುಂಗುತ್ತಿದ್ದರು. ಜೊತೆಗೆ ವೈದ್ಯರು ಬರೆದುಕೊಟ್ಟ ಥೈರಾಯ್ಡ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ. ಗಿಂಕ್ಗೊ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಹುದು, ಅಶ್ವಗಂಧ ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನೇ ಬದಲಿಸಬಹುದು. 2008ರಲ್ಲಿ ಪ್ರಕಟವಾದ, ಮೂರು ಸಾವಿರಕ್ಕೂ ಹೆಚ್ಚು ವೃದ್ಧರನ್ನು ಒಳಗೊಂಡ ಪ್ರಯೋಗದಲ್ಲಿ ಗಿಂಕ್ಗೊ ಮರೆಗುಳಿತನವನ್ನು ತಡೆಯಲಿಲ್ಲ. ಕೊಂಡ ಮಾತ್ರೆಗಳನ್ನು ಅಂದೇ ಬದಿಗಿಟ್ಟು, ಬರೆದುಕೊಟ್ಟವುಗಳನ್ನು ಮಾತ್ರ ಬಿಡದೆ, ಎಲ್ಲ ಶೀಶೆಗಳನ್ನೂ ವೈದ್ಯರ ಮೇಜಿನ ಮೇಲಿಡುವಂತೆ ಹೇಳಿದೆ. "ಒಂದೆಲಗದ ತಂಬುಳಿಯನ್ನೂ ಬಿಡ್ಬೇಕಾ?" ಎಂದು ಕೇಳಿದಾಗ ನಗು ಬಂತು. ಊಟಕ್ಕೆ ಧಾರಾಳವಾಗಿ ಇರಲಿ, ಅದನ್ನು ಔಷಧದ ಲೆಕ್ಕಕ್ಕೆ ಸೇರಿಸುವುದು ಬೇಡ ಎಂದೆ.

ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆಗೆ, ಹಾರ್ಮೋನ್ ಚಿಕಿತ್ಸೆ ತಮಗೆ ಸಲ್ಲುವುದೇ ಎಂದು ಕೇಳಲು ಸ್ತ್ರೀರೋಗ ತಜ್ಞರ ಬಳಿಗೆ ಕಳಿಸಿದೆ. ಆದರೆ ನೆನಪಿನ ಶಕ್ತಿಗೆಂದೇ ಆ ಚಿಕಿತ್ಸೆ ಕೊಡುವುದಿಲ್ಲವೆಂದೂ ತಿಳಿಸಿದೆ. ನಡಿಗೆ ವಾರಕ್ಕೆ 150 ನಿಮಿಷ. ಯೋಗ ಅವರಿಗೆ ಇಷ್ಟ, ಮುಂದುವರಿಯಲಿ ಎಂದೆ. ಆದರೆ ಬೆವರುವಿಕೆಯ ಕಿರಿಕಿರಿಗೆ, ಬಿಸಿ ಏರಿದಾಗ ಹುಟ್ಟುವ ಗಾಬರಿಯ ಯೋಚನೆಗಳನ್ನು ಗುರುತಿಸಿ ಬದಲಿಸುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಭ್ಯಾಸಕ್ಕೆ ಹೆಚ್ಚು ಆಧಾರವಿರುವುದರಿಂದ ಅದನ್ನು ನಾಲ್ಕು ಭೇಟಿಗಳಲ್ಲಿ ಕಲಿಸಿದೆ. ವಾರದಲ್ಲಿ ಮೂರು ದಿನ ಡಬ್ಬಿಯ ಹೊಣೆ ಗಂಡನದು ಎಂದು ಮನೆಯವರನ್ನು ಕೂರಿಸಿಕೊಂಡು ಒಪ್ಪಿಸಬೇಕಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಬಿ12 ಕಡಿಮೆಯಿದ್ದುದು ಪರೀಕ್ಷೆಯಲ್ಲಿ ಗೊತ್ತಾಗಿ ಚಿಕಿತ್ಸೆ ಆರಂಭವಾಯಿತು. ಮೂರು ತಿಂಗಳ ಮೇಲೆ ಬಂದಾಗ ಅದೇ ಡೈರಿಯಲ್ಲಿ ನಿದ್ದೆಯ ಗಂಟೆಗಳ ಲೆಕ್ಕವಿತ್ತು. ಹೆಸರುಗಳು ಈಗಲೂ ಆಗಾಗ ಮರೆತುಹೋಗುತ್ತವೆಯಂತೆ. ಮರೆತದ್ದನ್ನು ಬರೆದಿಡುವುದನ್ನು ಮಾತ್ರ ಬಿಟ್ಟಿದ್ದಾರೆ.