ಓದುಗರ ಪ್ರಶ್ನೆ, ನಮ್ಮ ಉತ್ತರ: ಐಸ್‌ಲ್ಯಾಂಡಿಗರು ಮತ್ತು ಮೆನೋಮಿನಿಗಳು

ಪ್ರಶ್ನೆ: ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷವನ್ನೂ ಮುಟ್ಟಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೆನೋಮಿನಿ ಬುಡಕಟ್ಟಿನ ಸದಸ್ಯರು ಹತ್ತು ಸಾವಿರದ ಒಳಗಿದ್ದಾರೆ. ಒಬ್ಬರು ಮೀನನ್ನು ನಂಬಿ ಬದುಕಿದವರು, ಇನ್ನೊಬ್ಬರು ಕಾಡನ್ನು. ಇಬ್ಬರೂ ತಮ್ಮ ಸಂಪತ್ತನ್ನು ಎಚ್ಚರದಿಂದ ಕಾಪಾಡಿಕೊಂಡವರೆಂದು ಓದಿದ್ದೇನೆ. ಹಾಗಿದ್ದೂ ಒಬ್ಬರು ಸಿರಿವಂತರಾದರು, ಇನ್ನೊಬ್ಬರು ಬಡವರಾಗಿಯೇ ಉಳಿದರು. ಇದಕ್ಕೆ ಸಂಸ್ಕೃತಿಯ ವ್ಯತ್ಯಾಸ ಕಾರಣವೇ?

ಉತ್ತರ: ಅಂತರ ಇರುವುದು ನಿಜ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದ 2025ರ ವರದಿಯಲ್ಲಿ ಐಸ್‌ಲ್ಯಾಂಡ್ ಮೊದಲ ಸ್ಥಾನದಲ್ಲಿದೆ. ಮೆನೋಮಿನಿ ಮೀಸಲು ಪ್ರದೇಶವನ್ನೇ ಹೆಚ್ಚುಕಡಿಮೆ ತನ್ನ ಗಡಿಯಾಗಿ ಉಳ್ಳ ಮೆನೋಮಿನಿ ಕೌಂಟಿಯಾದರೋ (ಕೌಂಟಿ ಎಂದರೆ ರಾಜ್ಯದೊಳಗಿನ ಜಿಲ್ಲೆಯಂಥ ಆಡಳಿತ ಘಟಕ), ಆರೋಗ್ಯದ ಅಳತೆಗಳಲ್ಲಿ ವಿಸ್ಕಾನ್ಸಿನ್ನಿನ 72 ಕೌಂಟಿಗಳ ಪೈಕಿ ವರ್ಷದಿಂದ ವರ್ಷಕ್ಕೆ ಕೊನೆಯ ಸ್ಥಾನದಲ್ಲೇ ಕಾಣಿಸಿಕೊಂಡಿದೆ. ಅಲ್ಲಿಯ ಬಡತನದ ಪ್ರಮಾಣ ರಾಜ್ಯದ ಸರಾಸರಿಯ ಎರಡು ಪಟ್ಟನ್ನೂ ಮೀರಿದೆ. ಆದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವಾಗಲೇ ನಾವು ಒಂದು ಸ್ವತಂತ್ರ ರಾಷ್ಟ್ರವನ್ನು ಇನ್ನೊಂದು ರಾಷ್ಟ್ರದೊಳಗಿನ ಒಂದು ತುಂಡು ನೆಲದೊಡನೆ ತೂಗುತ್ತಿದ್ದೇವೆ ಎಂಬುದು ನೆನಪಿರಬೇಕು. ಬುಡಕಟ್ಟಿನ ಸದಸ್ಯರಲ್ಲಿ ಬಹಳಷ್ಟು ಮಂದಿ ಓದಿಗೂ ಕೆಲಸಕ್ಕೂ ಮೀಸಲು ಪ್ರದೇಶದ ಹೊರಗೆ ನೆಲೆಸಿದ್ದಾರೆ, ಅವರ ಸಂಪಾದನೆ ಕೌಂಟಿಯ ಲೆಕ್ಕಕ್ಕೆ ಬರುವುದಿಲ್ಲ. ಅದೇ ಲೆಕ್ಕದೊಳಗೆ ಸರೋವರದ ದಡದಲ್ಲಿ ಮನೆ ಕಟ್ಟಿಕೊಂಡಿರುವ, ಬುಡಕಟ್ಟಿಗೆ ಸೇರದ ಅನುಕೂಲಸ್ಥರು ಸೇರಿಕೊಂಡಿದ್ದಾರೆ.

ಸಂಸ್ಕೃತಿಯನ್ನು ಕಾರಣವಾಗಿಸುವ ವಾದವನ್ನು ನಾನು ಒಪ್ಪುವುದಿಲ್ಲ. ದುಡಿಮೆಯಲ್ಲಾಗಲಿ ದೂರದೃಷ್ಟಿಯಲ್ಲಾಗಲಿ ಮೆನೋಮಿನಿಗಳು ಹಿಂದೆ ಬಿದ್ದವರಲ್ಲ. ಅವರ ಕಾಡಿನ ವಿಸ್ತಾರ ಸುಮಾರು 2,20,000 ಎಕರೆ. 1854ರಿಂದೀಚೆಗೆ ಅಲ್ಲಿಂದ 200 ಕೋಟಿ ಬೋರ್ಡ್ ಅಡಿಗೂ (ಒಂದಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪದ ಹಲಗೆಯೇ ಒಂದು ಬೋರ್ಡ್ ಅಡಿ) ಹೆಚ್ಚು ಮರ ಹೊರಗೆ ಹೋಗಿದೆ; ಆದರೂ ಇಂದು ನಿಂತಿರುವ ಮರದ ಪ್ರಮಾಣ ಆಗ ಇದ್ದುದಕ್ಕಿಂತ ಹೆಚ್ಚು. ಯಾವ ಮರ ಬೀಳಬೇಕೆಂಬುದನ್ನು ಅರಣ್ಯ ಸಿಬ್ಬಂದಿ ಮೊದಲೇ ನೋಡಿ ಬಣ್ಣದ ಗುರುತು ಹಾಕುತ್ತಾರೆ, ಮುದಿಯಾದದ್ದೂ ರೋಗ ತಗಲಿದ್ದೂ ಮೊದಲು ಹೋಗುತ್ತದೆ, ಗರಗಸದ ಕಾರ್ಖಾನೆಗೆ ಎಷ್ಟು ಬೇಕೆಂಬುದರ ಬದಲು ಕಾಡು ಎಷ್ಟು ಬೆಳೆದಿದೆ ಎಂಬುದರ ಮೇಲೆ ಆ ವರ್ಷದ ಕಡಿತ ನಿರ್ಧಾರವಾಗುತ್ತದೆ. ಐಸ್‌ಲ್ಯಾಂಡಿಗರ ಪೂರ್ವಿಕರು ತಮ್ಮ ದ್ವೀಪದ ಬರ್ಚ್ ಕಾಡನ್ನು ಬಹುಪಾಲು ಕಡಿದು, ಕುರಿ ಮೇಯಿಸಿ ಬೋಳು ಮಾಡಿದವರೆಂಬುದನ್ನೂ ಇಲ್ಲಿ ಹೇಳಬೇಕು.

ನನ್ನ ದೃಷ್ಟಿಯಲ್ಲಿ ವ್ಯತ್ಯಾಸವಿರುವುದು ತಮ್ಮ ಸಂಪತ್ತಿಗೆ ಬೇಲಿ ಹಾಕುವ ಮತ್ತು ಅದರ ಲಾಭವನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಅಧಿಕಾರದಲ್ಲಿ. ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 1958ರಲ್ಲಿ 12 ನಾಟಿಕಲ್ ಮೈಲಿಗೂ, 1972ರಲ್ಲಿ 50 ಮೈಲಿಗೂ, 1975ರಲ್ಲಿ 200 ಮೈಲಿಗೂ ವಿಸ್ತರಿಸಿತು. ಬ್ರಿಟನ್ ಒಪ್ಪದಿದ್ದಾಗ ಐಸ್‌ಲ್ಯಾಂಡಿನ ಕರಾವಳಿ ಕಾವಲು ಹಡಗುಗಳು ಬ್ರಿಟಿಷ್ ಟ್ರಾಲರುಗಳ ಹಿಂದಿನಿಂದ ಅಡ್ಡಹಾಯ್ದು, ನೀರಿನೊಳಗೆ ಎಳೆದು ತಂದ ಕತ್ತರಿಯಿಂದ ಅವುಗಳ ಬಲೆಯ ಉಕ್ಕಿನ ಹಗ್ಗಗಳನ್ನು ತುಂಡರಿಸುತ್ತಿದ್ದವು. ಕ್ಷಣಮಾತ್ರದಲ್ಲಿ ಬಲೆಯೂ ಮೀನೂ ಸಮುದ್ರದ ಪಾಲು. ಕೆಫ್ಲಾವಿಕ್‌ನಲ್ಲಿ ಅಮೆರಿಕದ ಸೇನಾನೆಲೆ ಇದ್ದುದರಿಂದಲೂ ನ್ಯಾಟೋ ಕೂಟಕ್ಕೆ ಐಸ್‌ಲ್ಯಾಂಡ್ ಬೇಕಾಗಿದ್ದುದರಿಂದಲೂ 1976ರಲ್ಲಿ ಬ್ರಿಟನ್ನೇ ಮಣಿಯಿತು.

ಮೆನೋಮಿನಿಗಳ ಕಾಡಿಗೂ ಕಾನೂನಿನ ಬೇಲಿ ಇತ್ತು. ಬಲಿತ ಮರವನ್ನು ಮಾತ್ರ ಆರಿಸಿ ಕಡಿಯಬೇಕೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1908ರಲ್ಲೇ ಶಾಸನ ಮಾಡಿತ್ತು. ಆದರೆ ಕಾಡಿನ ಉಸ್ತುವಾರಿ ಕೇಂದ್ರ ಸರ್ಕಾರದ ಅಧಿಕಾರಿಗಳದ್ದಾಗಿತ್ತು, ಅವರೇ ಹಲವೆಡೆ ಕಾಡನ್ನು ಬುಡಸಮೇತ ಬೋಳಿಸಿದರು. ಬುಡಕಟ್ಟು 1930ರ ದಶಕದಲ್ಲಿ ಮೊಕದ್ದಮೆ ಹೂಡಿತು, 1951ರಲ್ಲಿ 85 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಆ ಹಣವೂ ವಾಷಿಂಗ್ಟನ್ನಿನ ಖಜಾನೆಯಲ್ಲೇ ಇತ್ತು. ತಾವೇ ಗೆದ್ದ ಹಣವನ್ನು ಹಂಚಿಕೊಳ್ಳಲು ಮೆನೋಮಿನಿಗಳು ಕಾಂಗ್ರೆಸ್ಸಿನ ಅನುಮತಿ ಕೇಳಬೇಕಾಯಿತು. ಆ ಅನುಮತಿಗೆ ತೆತ್ತ ಬೆಲೆ ಏನೆಂಬುದು ಕೆಳಗಿನ ಇನ್ನೊಬ್ಬ ಓದುಗರ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ.

ಪ್ರಶ್ನೆ: ಐಸ್‌ಲ್ಯಾಂಡ್ ಮೊದಲಿನಿಂದಲೂ ಸ್ಥಿತಿವಂತ ದೇಶವೇ?

ಉತ್ತರ: ಖಂಡಿತ ಅಲ್ಲ. 1703ರ ಜನಗಣತಿಯಲ್ಲಿ ಅಲ್ಲಿ 50,358 ಮಂದಿ ಇದ್ದರು. 1783ರಲ್ಲಿ ಲಾಕಿ ಜ್ವಾಲಾಮುಖಿಯ ಬಿರುಕು ಬಾಯ್ತೆರೆದು ಎಂಟು ತಿಂಗಳು ವಿಷಾನಿಲ ಕಾರಿತು. ಹುಲ್ಲು ಸತ್ತಿತು, ದನಕುರಿಗಳು ಸತ್ತವು, ಹಿಂಬಾಲಿಸಿದ ಬರಗಾಲದಲ್ಲಿ ಜನಸಂಖ್ಯೆಯ ಐದನೆಯ ಒಂದು ಭಾಗ ಅಳಿಯಿತು. ವ್ಯಾಪಾರದ ಹಕ್ಕು 1602ರಿಂದ 1787ರವರೆಗೆ, ಆಗ ಐಸ್‌ಲ್ಯಾಂಡನ್ನು ಆಳುತ್ತಿದ್ದ ಡೆನ್ಮಾರ್ಕ್ ದೊರೆಯ ಅಪ್ಪಣೆ ಪಡೆದ ವರ್ತಕರ ಮುಷ್ಟಿಯಲ್ಲಿತ್ತು. ಸ್ವಂತ ಜಮೀನಿನ ಹಿಡುವಳಿ ಇಲ್ಲದವರು ಯಾವುದಾದರೊಂದು ರೈತನ ಮನೆಯಲ್ಲಿ ವರ್ಷವಿಡೀ ಆಳಾಗಿ ಸೇರಿಕೊಳ್ಳಲೇಬೇಕೆಂಬ ಕಟ್ಟಳೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ನಡೆದು ಬಂತು. ದಿಕ್ಕಿಲ್ಲದ ಮಕ್ಕಳನ್ನೂ ಮುದುಕರನ್ನೂ ಊರಿನ ಖರ್ಚಿನಲ್ಲಿ ಸಾಕಲು ಅತಿ ಕಡಿಮೆ ಹಣ ಕೇಳಿದ ಮನೆಗೆ ಒಪ್ಪಿಸುತ್ತಿದ್ದುದೂ ಉಂಟು. 1870ರಿಂದ 1914ರ ನಡುವೆ ಸುಮಾರು 15,000 ಮಂದಿ ಉತ್ತರ ಅಮೆರಿಕಕ್ಕೆ ವಲಸೆ ಹೋದದ್ದು ಇಂಥ ನೆಲದಿಂದ.

ಆದರೆ ಇದೇ ಅವಧಿಯಲ್ಲಿ ಅಧಿಕಾರ ಮೆಟ್ಟಿಲುಮೆಟ್ಟಿಲಾಗಿ ಐಸ್‌ಲ್ಯಾಂಡಿಗರ ಕೈಗೆ ಬಂತು: 1874ರಲ್ಲಿ ಸಂವಿಧಾನ, 1904ರಲ್ಲಿ ಸ್ವಂತ ಆಡಳಿತ, 1918ರಲ್ಲಿ ಸಾರ್ವಭೌಮತ್ವ, 1944ರ ಜೂನ್ 17ರಂದು ಗಣರಾಜ್ಯ. ಮೋಟಾರು ದೋಣಿಯೂ ಟ್ರಾಲರೂ ಬಂದದ್ದು ಸ್ವಂತ ಆಡಳಿತದ ಆಸುಪಾಸಿನಲ್ಲೇ. ಎರಡನೆಯ ಮಹಾಯುದ್ಧದ ಕಾಲದ ಸೇನಾ ಖರ್ಚು ಮತ್ತು ಆಮೇಲೆ ಪಶ್ಚಿಮ ಯುರೋಪಿಗೆ ಅಮೆರಿಕ ಕೊಟ್ಟ ಮಾರ್ಷಲ್ ನೆರವು ದೊಡ್ಡ ಅದೃಷ್ಟವಾಗಿ ಒದಗಿದವು. ತಲಾ ಲೆಕ್ಕದಲ್ಲಿ ಆ ನೆರವಿನ ಅತಿ ದೊಡ್ಡ ಪಾಲು ದೊರೆತದ್ದು, ಯುದ್ಧದಲ್ಲಿ ಊರುಗಳು ನೆಲಸಮವಾಗದ ಈ ದೇಶಕ್ಕೆ ಎಂಬುದು ಸೋಜಿಗ.

ಪ್ರಶ್ನೆ: 1954ರಲ್ಲಿ ಮೆನೋಮಿನಿಗಳಿಗೆ ಕೇಂದ್ರ ಸರ್ಕಾರದ ಹಿಡಿತದಿಂದ ಬಿಡುಗಡೆ ಕೊಟ್ಟು, ಆಸ್ತಿಯನ್ನು ಅವರದೇ ಕಂಪನಿಗೆ ವಹಿಸಲಾಯಿತಂತೆ. ನೀವು ಹೇಳುವ ಅಧಿಕಾರ ಅದಲ್ಲವೇ? ಆಮೇಲೂ ಅವರು ಏಕೆ ಬಡವರಾದರು?

ಉತ್ತರ: ಐಸ್‌ಲ್ಯಾಂಡ್ ಗಣರಾಜ್ಯವಾಗಿ ಸರಿಯಾಗಿ ಹತ್ತು ವರ್ಷಕ್ಕೆ, ಅಂದರೆ 1954ರ ಜೂನ್ 17ರಂದು, ಅಧ್ಯಕ್ಷ ಐಸೆನ್‌ಹೋವರ್ ಈ ಕಾನೂನಿಗೆ ಸಹಿ ಹಾಕಿದರು. ತಾರೀಕು ಕೂಡಿಬಂದದ್ದು ಕಾಕತಾಳೀಯ. ಆದರೆ ಎರಡನ್ನೂ 'ಬಿಡುಗಡೆ' ಎಂದೇ ಕರೆದರೆ ದೊಡ್ಡ ತಪ್ಪಾಗುತ್ತದೆ.

ಪರಿಹಾರದ ಹಣದಿಂದ ತಲೆಗೆ 1,500 ಡಾಲರ್ ಹಂಚಬೇಕೆಂದು ಬುಡಕಟ್ಟು ಕೇಳಿದಾಗ, ಯೂಟಾ ರಾಜ್ಯದ ಸೆನೆಟರ್ ಆರ್ಥರ್ ವಾಟ್ಕಿನ್ಸ್ ಒಂದು ಷರತ್ತು ಮುಂದಿಟ್ಟರು: ಬುಡಕಟ್ಟೆಂಬ ಮಾನ್ಯತೆಯನ್ನು ಬಿಟ್ಟುಕೊಡಲು ಒಪ್ಪಿದರೆ ಹಣ. ಹಾಜರಿದ್ದ ಕೆಲವೇ ಸದಸ್ಯರ ಸಭೆ ಅದಕ್ಕೆ ತಾತ್ವಿಕವಾಗಿ ತಲೆಯಾಡಿಸಿತು. ಆ ಹೊತ್ತಿಗೆ ಮೆನೋಮಿನಿಗಳು ಅಮೆರಿಕದ ಬುಡಕಟ್ಟುಗಳಲ್ಲೇ ಅನುಕೂಲಸ್ಥರೆನಿಸಿದ್ದರು. ಖಜಾನೆಯಲ್ಲಿ ಸುಮಾರು ಒಂದು ಕೋಟಿ ಡಾಲರ್ ಇತ್ತು, ನಿಯೋಪಿಟ್‌ನಲ್ಲಿ ಗರಗಸದ ಕಾರ್ಖಾನೆ ಇತ್ತು, ಕೆಶೀನಾದಲ್ಲಿ ಆಸ್ಪತ್ರೆ ಇತ್ತು, ಇವುಗಳ ಖರ್ಚಿನ ಬಹುಪಾಲನ್ನು ಮರದ ವರಮಾನವೇ ಭರಿಸುತ್ತಿತ್ತು. ಚೆನ್ನಾಗಿ ಸಂಸಾರ ನಡೆಸುತ್ತಿದ್ದಾರೆ ಎಂಬುದೇ ಅವರ ಮೇಲೆ ಪ್ರಯೋಗ ಮಾಡಲು ನೆಪವಾಯಿತು.

1961ರ ಏಪ್ರಿಲ್ ಕೊನೆಗೆ ಕಾನೂನು ಜಾರಿಗೆ ಬಂದು, ಮೀಸಲು ಪ್ರದೇಶ ಮೆನೋಮಿನಿ ಕೌಂಟಿಯಾಯಿತು. ಕೌಂಟಿ ಎಂದ ಮೇಲೆ ಪೊಲೀಸು, ರಸ್ತೆ, ಶಾಲೆ ಎಲ್ಲಕ್ಕೂ ತೆರಿಗೆ ಬೇಕು. ಆದರೆ ತೆರಿಗೆ ಕೊಡುವ ಶಕ್ತಿಯಿದ್ದದ್ದು ಅಲ್ಲಿ ಕಾರ್ಖಾನೆ ಮತ್ತು ಕಾಡು ನಡೆಸುವ ಆ ಒಂದು ಕಂಪನಿಗೆ ಮಾತ್ರ. ಹಿಂದೆ ಬುಡಕಟ್ಟಿನ ಬೊಕ್ಕಸಕ್ಕೆ ಹೋಗುತ್ತಿದ್ದ ಲಾಭ ಈಗ ತೆರಿಗೆಯ ಬಾಯಿಗೆ ಹೋಯಿತು. ರಾಜ್ಯದ ನಿಯಮಗಳಿಗೆ ತಕ್ಕಂತಿಲ್ಲವೆಂದು ಆಸ್ಪತ್ರೆ ಮುಚ್ಚಿತು. 1954ರ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಕಂಪನಿಯ ಷೇರು ಪತ್ರವೂ 3,000 ಡಾಲರ್ ಮುಖಬೆಲೆಯ ಬಾಂಡೂ ಸಿಕ್ಕಿದವು, ಆದರೆ ಆ ಪಟ್ಟಿ ಮುಚ್ಚಿದ ಮೇಲೆ ಹುಟ್ಟಿದ ಮಗುವಿಗೆ ಏನೂ ಇಲ್ಲ. ಅಣ್ಣ ಷೇರುದಾರ, ತಮ್ಮ ಕಾನೂನಿನ ಕಣ್ಣಿನಲ್ಲಿ ಮೆನೋಮಿನಿಯೇ ಅಲ್ಲ! ಅಪ್ರಾಪ್ತ ವಯಸ್ಸಿನವರ ಷೇರುಗಳ ಮತವನ್ನು ಮಿಲ್ವಾಕಿಯ ಒಂದು ಬ್ಯಾಂಕು ಚಲಾಯಿಸುತ್ತಿತ್ತು. ತಲೆತಲಾಂತರದಿಂದ ತಾವಿದ್ದ ಮನೆಯ ನಿವೇಶನವನ್ನೇ ಕಂಪನಿಯಿಂದ ಕೊಳ್ಳಲು ಎಷ್ಟೋ ಕುಟುಂಬಗಳು ಆ ಬಾಂಡನ್ನು ಕೊಟ್ಟವು. ಇನ್ನು ಕೆಲವರು ಸರ್ಕಾರಿ ಸಹಾಯಧನ ಬೇಕಾದಾಗ ಅದನ್ನು ರಾಜ್ಯಕ್ಕೆ ಒತ್ತೆಯಿಡಬೇಕಾಯಿತು. 1960ರ ದಶಕದ ಕೊನೆಗೆ, ತೆರಿಗೆಯ ಭಾರ ತಾಳಲಾರದೆ, ಕಂಪನಿ ಸಣ್ಣ ಸಣ್ಣ ಕೆರೆಗಳನ್ನು ಒಂದುಗೂಡಿಸಿ ಲೆಜೆಂಡ್ ಲೇಕ್ ಎಂಬ ಕೃತಕ ಸರೋವರ ಮಾಡಿಸಿ, ದಡದ ನಿವೇಶನಗಳನ್ನು ಹೊರಗಿನವರಿಗೆ ಮಾರತೊಡಗಿತು.

ಇದೇ ಕಣ್ಣಿನಿಂದ 2008ರ ಐಸ್‌ಲ್ಯಾಂಡನ್ನು ನೋಡಿ. ಅಕ್ಟೋಬರಿನ ಒಂದೇ ವಾರದಲ್ಲಿ ಅದರ ಮೂರು ದೊಡ್ಡ ಬ್ಯಾಂಕುಗಳು ಬಿದ್ದವು, ದೇಶದ ಆದಾಯಕ್ಕಿಂತ ಹಲವು ಪಟ್ಟು ದೊಡ್ಡದಾಗಿ ಊದಿಕೊಂಡಿದ್ದ ಬ್ಯಾಂಕುಗಳವು. ದೇಶದ ನಾಣ್ಯವಾದ ಕ್ರೋನಾ ಪಾತಾಳಕ್ಕಿಳಿಯಿತು, ನಿರುದ್ಯೋಗ ಏರಿತು. ಮೆನೋಮಿನಿಗಳ ಆಘಾತ ಹೊರಗಿನಿಂದ ಹೇರಿದ್ದು, ಐಸ್‌ಲ್ಯಾಂಡಿಗರದು ಬಹುಮಟ್ಟಿಗೆ ಸ್ವಯಂಕೃತ. ಆದರೂ ಐಸ್‌ಲ್ಯಾಂಡ್ ಸರ್ಕಾರ ಬ್ಯಾಂಕುಗಳ ದೇಶೀ ಭಾಗವನ್ನು ಬೇರ್ಪಡಿಸಿ ಉಳಿಸಿತು, ಬ್ಯಾಂಕುಗಳಿಗೆ ಸಾಲ ಕೊಟ್ಟಿದ್ದ ವಿದೇಶೀಯರನ್ನು ಕಾಯಿಸಿತು, ಹಣ ಹೊರಹೋಗದಂತೆ 2017ರವರೆಗೆ ನಿರ್ಬಂಧ ಇಟ್ಟಿತು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಪಡೆಯಿತು. ಅಗ್ಗವಾದ ಕ್ರೋನಾದಿಂದ ಮೀನಿನ ರಫ್ತಿಗೂ ಪ್ರವಾಸೋದ್ಯಮಕ್ಕೂ ಲಾಭವಾಯಿತು. ಸ್ವಂತ ನಾಣ್ಯ, ಸ್ವಂತ ಗಡಿ, ಸ್ವಂತ ಶಾಸನಸಭೆ ಇಲ್ಲದ ಒಂದು ಕೌಂಟಿ ಇವುಗಳಲ್ಲಿ ಯಾವುದನ್ನು ತಾನೇ ಮಾಡೀತು? ಅದಕ್ಕಿದ್ದದ್ದು ನೆಲ ಮಾರುವ ದಾರಿಯೊಂದೇ.

ಆ ದಾರಿಯನ್ನು ಮುಚ್ಚಿಸಿದವರು ಮೆನೋಮಿನಿಗಳೇ. 1970ರಲ್ಲಿ ಕಟ್ಟಿದ 'ಡ್ರಮ್ಸ್' ಸಂಘಟನೆ ನಿವೇಶನ ಮಾರಾಟದ ಎದುರು ಪ್ರತಿಭಟಿಸಿತು, 1971ರಲ್ಲಿ ರಾಜಧಾನಿ ಮ್ಯಾಡಿಸನ್‌ವರೆಗೆ ಕಾಲ್ನಡಿಗೆ ನಡೆಸಿತು. ಕೆಶೀನಾದ ಬಳಿ ನೀರು, ವಿದ್ಯುತ್ ಇಲ್ಲದ ಮರದ ಮನೆಯಲ್ಲಿ ಬೆಳೆದ ಏಡಾ ಡೀರ್ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟು ಸಂಸದರನ್ನು ಒಬ್ಬೊಬ್ಬರಾಗಿ ಒಪ್ಪಿಸಿದರು. 1973ರ ಡಿಸೆಂಬರ್ 22ರಂದು ಅಧ್ಯಕ್ಷ ನಿಕ್ಸನ್ ಸಹಿಯೊಂದಿಗೆ ಬುಡಕಟ್ಟಿನ ಮಾನ್ಯತೆ ಮರಳಿತು. ಒಮ್ಮೆ ರದ್ದಾದ ಮಾನ್ಯತೆಯನ್ನು ಕಾಂಗ್ರೆಸ್ಸೇ ಹಿಂದಿರುಗಿಸಿದ ಈ ಉದಾಹರಣೆ ಮುಂದೆ ಬೇರೆ ಬುಡಕಟ್ಟುಗಳಿಗೂ ದಾರಿಯಾಯಿತು. ಆದರೆ ಮಾರಿಹೋದ ದಡ ಮರಳಲಿಲ್ಲ, ಹನ್ನೆರಡು ವರ್ಷದಲ್ಲಿ ಕರಗಿದ ಬಂಡವಾಳವೂ ಮರಳಲಿಲ್ಲ.

ಪ್ರಶ್ನೆ: ಐಸ್‌ಲ್ಯಾಂಡ್ ಮೀನು ಹಿಡಿಯುವ ಹಕ್ಕನ್ನು ಖಾಸಗಿಯಾಗಿ ಮಾರಲು ಬಿಟ್ಟು ಬೆಳೆಯಿತು, ಮೆನೋಮಿನಿಗಳು ಕಾಡನ್ನು ಸಾಮೂಹಿಕವಾಗಿಟ್ಟು ಬಡವರಾದರು ಎನ್ನಬಹುದಲ್ಲವೇ?

ಉತ್ತರ: ಅಂಥ ತೀರ್ಮಾನಕ್ಕೆ ಎರಡೂ ಕಡೆಯ ಚರಿತ್ರೆ ಒಪ್ಪುವುದಿಲ್ಲ. ಅಮೆರಿಕ 1887ರ ಕಾನೂನಿನಡಿ ಬುಡಕಟ್ಟುಗಳ ಭೂಮಿಯನ್ನು ವ್ಯಕ್ತಿಗಳಿಗೆ ಹಂಚಿದಾಗ, ಅದೇ ರಾಜ್ಯದ ಒನೈಡಾ ಬುಡಕಟ್ಟು ಕೆಲವೇ ದಶಕಗಳಲ್ಲಿ ತನ್ನ 65,000 ಎಕರೆಯನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡಿತು. ಮೆನೋಮಿನಿಗಳು ಹಂಚಿಕೆಗೆ ಒಳಗಾಗಲಿಲ್ಲ, ಅದರಿಂದಲೇ ಕಾಡು ಉಳಿಯಿತು. ಇದಕ್ಕೆ ಬೆಲೆಯೂ ಉಂಟು: ಬುಡಕಟ್ಟಿನ ಪರವಾಗಿ ಸರ್ಕಾರದ ನ್ಯಾಸದಲ್ಲಿರುವ (ಟ್ರಸ್ಟ್) ನೆಲವನ್ನು ಅಡವಿಟ್ಟು ಮನೆಸಾಲ ತೆಗೆಯುವುದು ಕಷ್ಟ, ಕಾಡಿನ ಬೆಳವಣಿಗೆಗೆ ಮೀರಿ ಕಾರ್ಖಾನೆ ದುಡಿಯುವಂತಿಲ್ಲ.

ಐಸ್‌ಲ್ಯಾಂಡಿನಲ್ಲಿ 1984ರಲ್ಲಿ ಹಡಗಿಗಿಷ್ಟು ಎಂದು ಕೋಟಾ ಹಂಚಿ, 1990ರ ಕಾನೂನಿನಿಂದ ಅದನ್ನು ಪೂರ್ತಿಯಾಗಿ ಮಾರಬಹುದಾದ ಹಕ್ಕಾಗಿಸಲಾಯಿತು. ಮೀನು ರಾಷ್ಟ್ರದ ಸಾಮಾನ್ಯ ಆಸ್ತಿ ಎಂದು ಅದೇ ಕಾನೂನಿನ ಮೊದಲ ವಿಧಿಯೇ ಹೇಳುತ್ತದೆ! ಹಡಗಿನ ಮಾಲೀಕ ಕೋಟಾ ಮಾರಿ ಹೊರಟಾಗ ದೇಶದ ವಾಯವ್ಯ ಕರಾವಳಿಯ ಪಶ್ಚಿಮ ಫ್ಯೋರ್ಡ್‌ಗಳ ಹಳ್ಳಿಗಳಲ್ಲಿ ಮೀನು ಕೊಯ್ಯುವ ಹೆಂಗಸರ ಕೆಲಸವೂ ಅದರೊಡನೆ ಹೊರಟಿತು. ಈ ಪದ್ಧತಿ ನ್ಯಾಯಸಮ್ಮತವಲ್ಲವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2007ರಲ್ಲಿ ಅಭಿಪ್ರಾಯಪಟ್ಟಿತು. ಸಾಮಾನ್ಯ ಐಸ್‌ಲ್ಯಾಂಡಿಗರ ಬಾಳು ಹಸನಾದದ್ದರಲ್ಲಿ ಕೋಟಾಗಿಂತ, ದುಡಿಯುವವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸೇರಿರುವ ಕಾರ್ಮಿಕ ಸಂಘಗಳ, ತೆರಿಗೆಯಿಂದ ನಡೆಯುವ ಆಸ್ಪತ್ರೆ ಮತ್ತು ಶಾಲೆಗಳ, 1975ರ ಅಕ್ಟೋಬರ್ 24ರಂದು ಕೆಲಸ ಬಿಟ್ಟು ಬೀದಿಗಿಳಿದ ಹೆಂಗಸರ ಪಾಲು ದೊಡ್ಡದೆಂದು ನನ್ನ ಎಣಿಕೆ.

ಪ್ರಶ್ನೆ: ಈ ಎರಡು ಸಮುದಾಯಗಳು ಎಂದಾದರೂ ಒಂದೇ ನೆಲದಲ್ಲಿ ಎದುರಾಗಿವೆಯೇ?

ಉತ್ತರ: ಬಹಳ ಹತ್ತಿರ ಬಂದಿದ್ದವು. 1870ರಲ್ಲಿ ಅಮೆರಿಕಕ್ಕೆ ಬಂದ ಕೆಲವು ಐಸ್‌ಲ್ಯಾಂಡಿಗರು ನೆಲೆಸಿದ್ದು ಮಿಷಿಗನ್ ಸರೋವರದ ವಾಷಿಂಗ್ಟನ್ ದ್ವೀಪದಲ್ಲಿ; ಅದೂ ವಿಸ್ಕಾನ್ಸಿನ್ನಿಗೇ ಸೇರಿದ್ದು. ಗ್ರೀನ್ ಬೇ ಎಂಬ ಕೊಲ್ಲಿಯ ಪೂರ್ವಕ್ಕಿರುವ ನೆಲದ ಮೇಲಿನ ಹಕ್ಕನ್ನು ಮೆನೋಮಿನಿಗಳು 1831ರ ಒಪ್ಪಂದದಲ್ಲೇ ಬಿಟ್ಟುಕೊಟ್ಟಿದ್ದರು; 1854ರ ಹೊತ್ತಿಗೆ ಅವರ ಸುಮಾರು ಒಂದು ಕೋಟಿ ಎಕರೆಯ ನಾಡಿನಲ್ಲಿ ವುಲ್ಫ್ ನದಿಯ ಮೇಲ್ಭಾಗದ ಸಣ್ಣ ತುಂಡೊಂದೇ ಉಳಿದಿತ್ತು. ದ್ವೀಪಕ್ಕೆ ಬಂದ ಐಸ್‌ಲ್ಯಾಂಡಿಗರೂ ಕೈಯಲ್ಲಿ ಕಾಸಿಲ್ಲದ ಮೀನುಗಾರರೇ. ಆದರೆ ಅವರು ಪೌರತ್ವಕ್ಕೆ ಅರ್ಜಿ ಹಾಕಬಹುದಿತ್ತು, ಸ್ವಂತ ಹೆಸರಿನಲ್ಲಿ ಜಮೀನು ಕೊಳ್ಳಬಹುದಿತ್ತು, ಹಿಡಿದ ಮೀನನ್ನೂ ಕಡಿದ ಮರವನ್ನೂ ಯಾರನ್ನೂ ಕೇಳದೆ ಮಾರಬಹುದಿತ್ತು. ಕೊಲ್ಲಿಯ ಆಚೆಗಿದ್ದ ಮೆನೋಮಿನಿಗಳು ಆಗ ತಮ್ಮ ಮರದ ದಿಮ್ಮಿ ಮಾರಲೂ ಕೇಂದ್ರ ಸರ್ಕಾರದ ಅಪ್ಪಣೆಗೆ ಕಾಯಬೇಕಿತ್ತು. ಅಮೆರಿಕದ ಮೂಲನಿವಾಸಿಗಳೆಲ್ಲರನ್ನೂ ಪೌರರೆಂದು ಒಪ್ಪಿದ ಕಾನೂನು ಬಂದದ್ದು 1924ರಲ್ಲಿ.