ಹೊಳೆಯ ನೀರಿನಿಂದ ಗಾಜು ಕರಗುವುದೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಅಕ್ಟೋಬರ್‌ನಲ್ಲಿ ಹೊರಟಿದ್ದೇವೆ. ವರ್ಮಾಂಟ್ ರಾಜ್ಯದಲ್ಲಿ ಹೊಳೆಯ ನೀರಿನ ಬಲದಿಂದ ನಡೆಯುವ ಗಾಜಿನ ಕಾರ್ಯಾಗಾರವೊಂದಿದೆ, ನೋಡಿ ಬರೋಣ ಎನ್ನುತ್ತಾಳೆ. ನೀರಿನಿಂದ ಗಾಜು ಕರಗುವುದು ಹೇಗೆ? ಅಲ್ಲಿ ಏನನ್ನು ಗಮನಿಸಬೇಕು?
– ಓದುಗರೊಬ್ಬರು, ಮುನಿರಾಬಾದ್, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಮಗಳು ಹೇಳಿರುವುದು ಕ್ವೀಚಿ ಎಂಬ ಊರಿನ ಸೈಮನ್ ಪಿಯರ್ಸ್ ಕಾರ್ಯಾಗಾರವಿರಬೇಕು. ಐರ್ಲೆಂಡಿನಲ್ಲಿ ಗಾಜಿನ ಕೆಲಸ ಮಾಡುತ್ತಿದ್ದ ಪಿಯರ್ಸ್ 1981ರಲ್ಲಿ ಅಮೆರಿಕಕ್ಕೆ ಬಂದು, ಆಟಕ್ವೀಚಿ ನದಿಯ ದಂಡೆಯಲ್ಲಿದ್ದ ಹಳೆಯ ಉಣ್ಣೆ ಗಿರಣಿಯನ್ನು ಹಿಡಿದರು. ಅಲ್ಲಿನ ಒಡ್ಡಿನ ನೀರಿನಿಂದ ವಿದ್ಯುತ್ ಪಡೆಯಬಹುದು ಎಂಬುದು ಅವರ ಲೆಕ್ಕಾಚಾರವಾಗಿತ್ತು. ಗಾಜು ಕರಗುವುದು ಆ ವಿದ್ಯುತ್ತಿನ ಕಾವಿನಿಂದ; ನೀರು ವಿದ್ಯುತ್ ಹುಟ್ಟಿಸುವ ಟರ್ಬೈನನ್ನು ತಿರುಗಿಸುತ್ತದೆ, ಅಷ್ಟೇ. ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಇಳಿಯುವ ಮುನ್ನ ವಿದ್ಯುದಾಗಾರದಲ್ಲಿ ಮಾಡುವ ಕೆಲಸವೂ ಇದೇ ಆದ್ದರಿಂದ ಮುನಿರಾಬಾದಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 10 ಮೀಟರ್ ಕೆಳಕ್ಕೆ ಬಿದ್ದರೆ ಲೆಕ್ಕದ ಪ್ರಕಾರ ಸುಮಾರು 98 ಕಿಲೋವಾಟ್. ಯಂತ್ರದಲ್ಲಿ ನಷ್ಟವಾಗುವುದನ್ನು ಕಳೆದು ಉಳಿದದ್ದು ಕೈಗೆ. ನದಿಯ ನೆರೆಹೊರೆಗೆ ಅಪಾಯವೂ ಇದೆ: 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತ ತಂದ ಪ್ರವಾಹ ಈ ಕಟ್ಟಡಕ್ಕೂ ಪಕ್ಕದ ಚಾವಣಿ ಸೇತುವೆಗೂ ದೊಡ್ಡ ಹಾನಿ ಮಾಡಿತ್ತು.

ನನ್ನನ್ನು ಕೇಳಿದರೆ, ಟರ್ಬೈನ್‌ಗಿಂತ ಗಾಜು ಊದುವವರ ಕೈಗಳನ್ನು ನೋಡುವುದೇ ಲೇಸು. ಗಾಜಿನ ಮೂಲವಸ್ತುವಾದ ಸಿಲಿಕಾ ಮರಳು ಬರಿದೇ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಸೋಡಾ ಬೆರೆಸಿದರೆ ಅದು ಬಹಳ ಕಡಿಮೆ ಉಷ್ಣದಲ್ಲೇ ಕರಗುತ್ತದೆ, ಸುಣ್ಣದ ಅಂಶ ಸೇರಿಸಿದರೆ ಗಾಜು ನೀರಿಗೆ ಕರಗದಂತೆ ಗಟ್ಟಿಯಾಗುತ್ತದೆ. ಊದುಗೊಳವೆಯ ತುದಿಗೆ ಸುತ್ತಿಕೊಂಡ ಕೆಂಡದಂಥ ಮುದ್ದೆಯನ್ನು ನೀರಿನಲ್ಲಿ ನೆನೆಸಿದ ಮರದ ಸೌಟಿನೊಳಗೆ ತಿರುಗಿಸುವಾಗ, ಎದ್ದ ಹಬೆಯೇ ಗಾಜಿಗೂ ಮರಕ್ಕೂ ನಡುವೆ ತೆಳುವಾದ ಪದರವಾಗಿ ನಿಂತು ಮರ ಬೇಗ ಸುಟ್ಟುಹೋಗದಂತೆ ಕಾಯುತ್ತದೆ. ಗೊಳವೆಯನ್ನು ತಿರುಗಿಸುವುದು ಕ್ಷಣ ನಿಂತರೂ ಗಾಜು ಒಂದು ಬದಿಗೆ ಜೋಲುತ್ತದೆ. ಬಾಯಿಯ ಅಂಚನ್ನು ತಿದ್ದಲು ಲೋಟದ ತಳಕ್ಕೆ ಇನ್ನೊಂದು ಸಲಾಕೆಯನ್ನು ಅಂಟಿಸುತ್ತಾರೆ. ಅದನ್ನು ಮುರಿದ ಜಾಗದ ಗುರುತು ಕೈಯಿಂದ ಮಾಡಿದ ಪಾತ್ರೆಗಳ ತಳದಲ್ಲಿ ಬೆರಳಿಗೆ ಸಿಗುವುದುಂಟು.

ಹೊರಮೈ ಬೇಗ ತಣಿದು ಒಳಭಾಗ ಬಿಸಿಯಾಗಿಯೇ ಉಳಿದರೆ ಗಾಜು ತಾನಾಗಿ ಸೀಳುವುದರಿಂದ, ಮುಗಿದ ಪಾತ್ರೆಯನ್ನು ಸುಮಾರು 500 ಡಿಗ್ರಿಯ ಒಲೆಯಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ತಣಿಸುತ್ತಾರೆ. ಹೀಗಾಗಿ ಕಣ್ಣೆದುರು ಊದಿದ ಲೋಟವನ್ನೇ ಕೊಳ್ಳುತ್ತೇನೆಂದು ಕೇಳಬೇಡಿ, ಅದು ಆಗಲೇ ಕೈಗೆ ಸಿಗುವಂಥದ್ದಲ್ಲ. ಅಕ್ಟೋಬರ್‌ನಲ್ಲಿ ಬಣ್ಣದ ಎಲೆಗಳನ್ನು ನೋಡಲು ವರ್ಮಾಂಟ್‌ಗೆ ಜನ ಮುಗಿಬೀಳುವುದರಿಂದ ಶನಿವಾರ, ಭಾನುವಾರ ಬಿಟ್ಟು ಬೆಳಿಗ್ಗೆ ಬೇಗ ಹೋಗಿ.