ಹೊಸ ಪಾಸ್ಟರ್ ಬಂದ ಮೇಲೆ ಹಳೇ ಅಯ್ಯನವರನ್ನು ಮದುವೆಗೆ ಕರೆಯಬಹುದೇ?

ಪ್ರಶ್ನೆ: ನಮ್ಮದು ದಾವಣಗೆರೆಯ ಚಿಕ್ಕ ಲೂಥರನ್ (ಪ್ರೊಟೆಸ್ಟೆಂಟ್ ಕ್ರೈಸ್ತ) ಸಭೆ. ನಾನು ಸಭಾ ಹಿರಿಯರಲ್ಲಿ ಒಬ್ಬ. ಮುಂದಿನ ತಿಂಗಳು ಹೊಸ ಪಾಸ್ಟರ್ ಬರುತ್ತಿದ್ದಾರೆ. ಪಾಸ್ಟರ್ ಆಗಲು ಕೊಡುವ ಗುರುದೀಕ್ಷೆ ಅವರಿಗೆ ಆಗಲೇ ಆಗಿದೆ. ಸಭೆಯ ಹೊಣೆ ವಹಿಸಿಕೊಳ್ಳುವ ಪದಗ್ರಹಣ ಇಲ್ಲಿ ಮತ್ತೆ ಯಾಕೆ? ಮಗಳ ಮದುವೆಗೆ ಹಳೇ ಅಯ್ಯನವರೇ ಬರಬೇಕು ಅಂತ ನಮ್ಮ ಮನೆಯಲ್ಲಿ ಹಟ. ಹೊಸಬರು ಆರಾಧನೆಯ ಕ್ರಮವನ್ನೇ ಬದಲಾಯಿಸುತ್ತಾರಂತೆ ಎಂಬ ಗುಸುಗುಸು ಬೇರೆ. ಏನು ಮಾಡಬೇಕು?

ಉತ್ತರ: ದೀಕ್ಷೆ ಜೀವನಕ್ಕೆ ಒಂದೇ ಸಲ. ಪದಗ್ರಹಣ ಹಾಗಲ್ಲ, ಹೋದ ಹೋದ ಸಭೆಯಲ್ಲೆಲ್ಲ ಆಗುತ್ತದೆ. ಲೂಥರನ್ನರ ನಂಬಿಕೆಗಳನ್ನು ಬರೆದಿಟ್ಟ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 14ನೇ ವಿಧಿ ನೋಡಿ. ಕ್ರಮವಾಗಿ ಸೇವೆಗೆ ಕರೆ ಬಾರದೆ ಯಾರೂ ಸಭೆಯಲ್ಲಿ ಬೋಧಿಸಬಾರದು, ಸಂಸ್ಕಾರ ನಡೆಸಬಾರದು ಎನ್ನುತ್ತದೆ ಅದು. ಪದಗ್ರಹಣದ ದಿನ ಆ ಕರೆಯನ್ನು ಎಲ್ಲರ ಎದುರು ಒಪ್ಪಿಕೊಳ್ಳುತ್ತಾರೆ. ಅವತ್ತು ಪಾಸ್ಟರಿಗೆ ಪ್ರಶ್ನೆ ಕೇಳುತ್ತಾರೆ, ಆಮೇಲೆ ಸಭೆಗೂ ಕೇಳುತ್ತಾರೆ: ಇವರನ್ನು ಸೇರಿಸಿಕೊಳ್ಳುತ್ತೀರಾ, ಇವರಿಗಾಗಿ ಪ್ರಾರ್ಥಿಸುತ್ತೀರಾ ಅಂತ. ಆ ಹೊತ್ತಿಗೆ ನಮ್ಮ ಜನ ಊಟದ ಕಡೆ ನೋಡುತ್ತಿರುತ್ತಾರೆ!

ನಿಮ್ಮ ಮದುವೆ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹಳೇ ಅಯ್ಯನವರು ಈಗಲೂ ಪಾಸ್ಟರೇ, ಆದರೆ ನಿಮ್ಮ ಸಭೆಯ ಪಾಸ್ಟರ್ ಅಲ್ಲ. ಅವರಿಗೆ ನೇರ ಫೋನ್ ಮಾಡಬೇಡಿ. ಮೊದಲು ಹೊಸಬರ ಹತ್ತಿರ ಹೋಗಿ ಮಾತಾಡಿ. ಸಭೆಯಲ್ಲಿ ಮದುವೆ ಪ್ರಕಟಣೆ ಓದುವವರು ಅವರು, ರಿಜಿಸ್ಟರ್ ಇರುವುದೂ ಅವರ ಕೈಯಲ್ಲಿ. ಹಳಬರು ಬಂದು ಆಶೀರ್ವಾದದ ಪ್ರಾರ್ಥನೆ ಮಾಡಲಿ ಅಂತ ಹೊಸಬರೇ ಕರೆದರೆ ಯಾರ ಮನಸ್ಸಿಗೂ ನೋವಾಗಲ್ಲ. ಹಳೇ ಅಯ್ಯನವರು ತಿಳಿದವರಾದರೆ ಅವರೇ ಕೇಳುತ್ತಾರೆ, "ನಿಮ್ಮ ಪಾಸ್ಟರಿಗೆ ಹೇಳಿದ್ರಾ?" ಅಂತ. ಮದುವೆಗಿಂತ ಸಾವಿನ ಮನೆಯಲ್ಲಿ ಇದು ಜಾಸ್ತಿ ಎಡವಟ್ಟಾಗುತ್ತದೆ. ದುಃಖದಲ್ಲಿ ಕೈ ಮೊದಲು ಹೋಗುವುದು ಹಳೇ ನಂಬರಿಗೇ. ಅದಕ್ಕೇ ಹಿರಿಯರೆಲ್ಲ ಈಗಲೇ ಕೂತು ಒಂದು ಮಾತಿಗೆ ಬನ್ನಿ.

ಗುಸುಗುಸು ಬಿಡಿ, ನೇರ ಕೇಳಿ. ಒಂದು ಅಡ್ವೆಂಟ್‌ನಿಂದ (ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು) ಇನ್ನೊಂದು ಅಡ್ವೆಂಟ್‌ವರೆಗೆ, ಸಭೆಯ ಒಂದು ಪೂರ್ತಿ ವರ್ಷ, ಕ್ರಮ ಮುಟ್ಟದೆ ನೋಡಲಿ ಎಂಬುದು ನನ್ನ ಅಭಿಪ್ರಾಯ. ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಕೆಲವರು ಆರಾಧನೆಯನ್ನು ಅವಸರದಲ್ಲಿ ಬದಲಾಯಿಸಿದಾಗ, 1522ರ ಮಾರ್ಚ್‌ನಲ್ಲಿ ನಮ್ಮ ಪಂಥಕ್ಕೆ ಹೆಸರು ಕೊಟ್ಟ ಲೂಥರ್ ಆ ಊರಿಗೆ ವಾಪಸ್ ಬಂದು ಎಂಟು ದಿನ ಸಾಲಾಗಿ ಪ್ರಸಂಗ ಮಾಡಿದರು. ಬದಲಾವಣೆ ಬೇಡ ಅನ್ನಲಿಲ್ಲ. ಜನರಿಗೆ ಮೊದಲು ಕಲಿಸಿ, ಬಲವಂತ ಬೇಡ ಅಂದರು. ಹೊಸಬರಿಗೆ ಇದು ಗೊತ್ತೇ ಇರುತ್ತದೆ, ಸುಮ್ನೆ ನೆನಪಿಸಿ.

ಮನೆಗಳ ಪಟ್ಟಿಯೊಂದನ್ನು ಬರೆದುಕೊಡಿ. ಹಾಸಿಗೆ ಹಿಡಿದವರು ಯಾರು, ಈ ವರ್ಷ ಯಾರ ಮನೆಯಲ್ಲಿ ಸಾವಾಯಿತು, ಯಾರು ಬರುವುದು ಬಿಟ್ಟಿದ್ದಾರೆ. ನಿಟ್ಟುವಳ್ಳಿ ಅಜ್ಜಿಗೆ ಕಿವಿ ಮಂದ, ಕಿಟಕಿ ಬಡಿಯಬೇಕು ಅನ್ನುವಂಥದ್ದೂ ಇರಲಿ. ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದನ್ನು ಮಾತ್ರ ಬರೆಯಬೇಡಿ.

ಇನ್ನು ಪಾಸ್ಟರಮ್ಮ. ಸಂಡೇ ಸ್ಕೂಲು, ಮಹಿಳಾ ಕೂಟ ಎಲ್ಲ ಅವರದೇ ಅಂತ ಮೊದಲ ವಾರವೇ ತಲೆಗೆ ಕಟ್ಟಬೇಡಿ. ಕರೆ ಬಂದಿರುವುದು ಅವರ ಗಂಡನಿಗೆ. ಮಕ್ಕಳಿದ್ದರೆ ಶಾಲೆಯ ಸೀಟು, ಮನೆಯ ನೀರಿನ ಮೋಟರು, ಗ್ಯಾಸು, ಇಷ್ಟು ಸರಿ ಇದೆಯಾ ಅಂತ ಅವರು ಲಾರಿ ಹತ್ತುವ ಮುಂಚೆಯೇ ನೋಡಿಬಿಡಿ.